ಕರುವಿನ ಜಠರವೂ ಹಾಲು ಬಿಡಿಸುವ ಕಾಲವೂ

(ಮಹೋತ್ಸವದ ಗೋಷ್ಠಿಯಲ್ಲಿ ಓದಿದ ಉಪನ್ಯಾಸದ ಪಾಠ)

 

ವಾತ್ಸಲ್ಯವೆಂಬ ಶಬ್ದವು ಕನ್ನಡಿಗರ ನಾಲಗೆಯಲ್ಲಿ ದಿನವೂ ಆಡತಕ್ಕದ್ದಾಗಿದೆ. ತಾಯಿಗೆ ಮಗುವಿನಲ್ಲಿಯೂ, ಗುರುವಿಗೆ ಶಿಷ್ಯನಲ್ಲಿಯೂ ಇರುವ ಪ್ರೀತಿಗೆ ಇದೇ ಹೆಸರು. ಆದರೆ ಈ ಶಬ್ದದ ಒಡಲಿನಲ್ಲಿ ಒಂದು ಕರುವು ಮಲಗಿದೆಯೆಂಬುದು ಬಹುಮಂದಿಗೆ ನೆನಪಿರುವುದಿಲ್ಲ. ವತ್ಸವೆಂದರೆ ಕರು, ವತ್ಸದಲ್ಲಿ ಪ್ರೀತಿಯುಳ್ಳದ್ದು ವತ್ಸಲ, ವತ್ಸಲದ ಭಾವವೇ ವಾತ್ಸಲ್ಯ. ಹಸುವು ತನ್ನ ಕರುವನ್ನು ನೆಕ್ಕುವುದನ್ನು ನೋಡಿದ ಪೂರ್ವಿಕರು ಜಗತ್ತಿನ ಎಲ್ಲ ಮೃದುವಾದ ಪ್ರೀತಿಗೂ ಅದನ್ನೇ ಅಳತೆಗೋಲನ್ನಾಗಿ ಮಾಡಿಕೊಂಡರು.

ಇನ್ನೊಂದು ಶಬ್ದವನ್ನೂ ಇಲ್ಲಿ ನೆನೆಯಬಹುದು. ಮೆಲುಕು ಹಾಕುವುದಕ್ಕೆ ಸಂಸ್ಕೃತದಲ್ಲಿ ರೋಮಂಥವೆಂದು ಹೆಸರು. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಒಂದು ಸೂತ್ರದಲ್ಲಿ ರೋಮಂಥ ಶಬ್ದವನ್ನೂ ತಪಸ್ ಶಬ್ದವನ್ನೂ ಜೊತೆಯಾಗಿ ಹಿಡಿದು, ‘ರೋಮಂಥಾಯತೇ’, ‘ತಪಸ್ಯತಿ’ ಎಂಬ ಎರಡು ಕ್ರಿಯಾಪದಗಳನ್ನು ಸಾಧಿಸಿದ್ದಾನೆ. ಇದು ವ್ಯಾಕರಣದ ಲಾಘವಕ್ಕಾಗಿ ಆದ ಜೋಡಣೆಯೇ ಸರಿ. ಆದರೂ ಪ್ರಕೃತ ವಿಷಯಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಹುಟ್ಟುವಾಗಲೇ ಯಾರೂ ತಪಸ್ವಿಯಲ್ಲ. ಹುಟ್ಟುವಾಗ ಯಾವ ಕರುವೂ ಮೆಲುಕು ಹಾಕುವುದಿಲ್ಲ. ಎರಡಕ್ಕೂ ಒಳಗಿನ ಸಂಸ್ಕಾರ ಬೇಕು, ಹೊರಗಿನ ಆಹಾರ ಬೇಕು, ಕಾಲವೂ ಬೇಕು.

ಈ ವಿಷಯವನ್ನು ವಿಚಾರಿಸತಕ್ಕ ಅಗತ್ಯವೇನೆಂದರೆ, ಈಗಿನ ಕಾಲದಲ್ಲಿ ಹಾಲಿಗೆ ಬೆಲೆ ಬಂದಿದೆ, ಕರುವಿಗೆ ಬೆಲೆ ಬಂದಿಲ್ಲ. ಬೆಳಗಾಗುವ ಮುನ್ನ ಹಾಲು ಸಂಘದ ಕ್ಯಾನನ್ನು ಮುಟ್ಟಬೇಕು. ಕರು ಕುಡಿದ ಪ್ರತಿಯೊಂದು ಲೀಟರೂ ಗೃಹಸ್ಥನ ಲೆಕ್ಕದ ಪುಸ್ತಕದಲ್ಲಿ ನಷ್ಟವಾಗಿ ಕಾಣುತ್ತದೆ. ಗಂಡುಕರುವಾದರಂತೂ ಅದರ ಪಾಡನ್ನು ಹೇಳುವಂತಿಲ್ಲ. ಹೀಗಿರುವಾಗ, ಕರುವಿಗೆ ಅನ್ಯಾಯವಾಗದಂತೆ, ಗೃಹಸ್ಥನಿಗೂ ಹಾನಿಯಾಗದಂತೆ ಹಾಲನ್ನು ಯಾವಾಗ ಬಿಡಿಸಬಹುದು ಎಂಬ ಪ್ರಶ್ನೆಯು ಧರ್ಮದ ಪ್ರಶ್ನೆಯೂ ಹೌದು, ಜೀವನೋಪಾಯದ ಪ್ರಶ್ನೆಯೂ ಹೌದು. ಇದಕ್ಕೆ ಕರುವಿನ ಹೊಟ್ಟೆಯೇ ಉತ್ತರವನ್ನು ಕೊಡುತ್ತದೆ. ಆ ಉತ್ತರವನ್ನು ಓದುವ ವಿದ್ಯೆಯು ಕಳೆದ ಎಪ್ಪತ್ತು ವರ್ಷಗಳಲ್ಲಿ ಬೆಳೆದು ಬಂದಿದೆ.

ಈ ವಿಚಾರಕ್ಕೆ ದಕ್ಷಿಣ ಬೆಂಗಳೂರಿನಷ್ಟು ತಕ್ಕ ಸ್ಥಳವು ಮತ್ತೊಂದಿಲ್ಲ. ೧೯೪೮ರಲ್ಲಿ ಜಯನಗರದ ಬಡಾವಣೆಗೆ ಅಸ್ತಿಭಾರ ಬೀಳುವುದಕ್ಕೆ ಮುಂಚೆ ಈ ಪ್ರದೇಶವು ಹಳ್ಳಿಗಳ ಸಮೂಹವಾಗಿತ್ತು. ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಕದಿರೇನಹಳ್ಳಿ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳೂ ಭೈರಸಂದ್ರ, ತಾವರೆಕೆರೆ, ಮಡಿವಾಳವೆಂಬ ಮೂರು ಊರುಗಳ ಮೊದಲಕ್ಷರಗಳಲ್ಲದೆ ಬೇರೆಯಲ್ಲ. ಕೆರೆಯ ಅಂಗಳದಲ್ಲಿ ದನ ಮೇಯುತ್ತಿದ್ದ ಊರುಗಳಿವು. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕಾರ್ತಿಕಮಾಸದ ಕಡೆಯ ಸೋಮವಾರ ನಡೆಯುವ ಕಡಲೇಕಾಯಿ ಪರಿಷೆಯು, ಒಕ್ಕಲಿಗನ ಬೆಳೆಗೂ ದನದ ಜಾತಿಗೂ ಇರುವ ಹಳೆಯ ನಂಟನ್ನು ನಗರದ ನಡುವೆಯೇ ನೆನಪಿಗೆ ತರುತ್ತಿದೆ.

ಜಯನಗರದಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಹೊಸೂರು ರಸ್ತೆಯ ಮಗ್ಗುಲಲ್ಲಿ ಆಡುಗೋಡಿ ಸಿಕ್ಕುತ್ತದೆ. ೧೯೨೩ರಲ್ಲಿ ಆಗಿನ ಸರ್ಕಾರವು ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ದೇಹಾಲಸ್ಯವನ್ನು ಪರಿಹರಿಸಿಕೊಳ್ಳುವುದಕ್ಕಾಗಿ ಮೈಸೂರು ಸಂಸ್ಥಾನಕ್ಕೆ ಬಂದಿದ್ದಾಗ ಪಂಡಿತ ಮದನಮೋಹನ ಮಾಳವೀಯರೊಡನೆ ಆ ಸಂಸ್ಥೆಗೆ ಹೋಗಿ, ದನಗಳ ಸಾಕಣೆಯ ಕ್ರಮಗಳನ್ನು ಶಿಷ್ಯವೃತ್ತಿಯಿಂದ ಕಲಿತರು. ಗೋಸೇವೆಯನ್ನು ಭಾಷಣದಿಂದ ಮಾಡಲಾಗದು, ಕೊಟ್ಟಿಗೆಯ ವಿದ್ಯೆಯಿಂದಲೇ ಮಾಡಬೇಕೆಂಬುದನ್ನು ಅವರ ಆ ನಡೆಯೇ ತೋರಿಸಿತು. ೧೯೫೫ರಲ್ಲಿ ಸಂಸ್ಥೆಯ ಮುಖ್ಯಸ್ಥಾನವು ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿಯಲ್ಲಿ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವು ಉಳಿಯಿತು. ೧೯೯೫ರಲ್ಲಿ ಅದೇ ಆಡುಗೋಡಿಯಲ್ಲಿ ಪಶುಪೋಷಣೆ ಮತ್ತು ಶರೀರಕ್ರಿಯಾವಿಜ್ಞಾನದ ರಾಷ್ಟ್ರೀಯ ಸಂಸ್ಥೆಯು ಹುಟ್ಟಿತು. ಹಸುವಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಯೆಂಬುದನ್ನು ವಿಚಾರಿಸುವುದೇ ಅಲ್ಲಿಯ ವಿದ್ವಾಂಸರ ಉದ್ಯೋಗ.

ಈಗ ಹೊಟ್ಟೆಯ ರಚನೆಯನ್ನು ನೋಡಬೇಕು. ಮೆಲುಕು ಹಾಕುವ ಪ್ರಾಣಿಗೆ ನಾಲ್ಕು ಕೋಣೆಗಳ ಜಠರವಿದೆ. ವಿಜ್ಞಾನಿಗಳು ರೂಮೆನ್ ಎಂದು ಕರೆಯುವ ದೊಡ್ಡ ಹೊಟ್ಟೆ ಮೊದಲನೆಯದು. ಒಳಮೈಯಲ್ಲಿ ಜೇನುಹುಟ್ಟಿನಂತೆ ಕಾಣುವ ಜಾಲಜಠರ ಎರಡನೆಯದು. ಪುಸ್ತಕದ ಹಾಳೆಗಳಂತೆ ಮಡಿಕೆಗಳುಳ್ಳ ಪುಟಜಠರ ಮೂರನೆಯದು. ಮನುಷ್ಯನ ಜಠರದಂತೆ ಆಮ್ಲವನ್ನು ಸ್ರವಿಸಿ ಆಹಾರವನ್ನು ಜೀರ್ಣಿಸುವ ನಿಜಜಠರ ನಾಲ್ಕನೆಯದು. ಬೆಳೆದ ಹಸುವಿನಲ್ಲಿ ದೊಡ್ಡ ಹೊಟ್ಟೆಯೇ ರಾಜ. ನೂರು ಲೀಟರಿಗೂ ಮಿಗಿಲಾದ ಹಿಡಿತವುಳ್ಳ ಹರವಿ ಅದು. ಆದರೆ ಹುಟ್ಟಿದ ಕರುವಿನಲ್ಲಿ ಈ ಕ್ರಮವು ತಲೆಕೆಳಗಾಗಿರುತ್ತದೆ. ನಾಲ್ಕು ಕೋಣೆಗಳನ್ನೂ ಬಿಡಿಸಿ ತೂಗಿದರೆ, ಕರುವಿನಲ್ಲಿ ನಿಜಜಠರವೊಂದೇ ಹೆಚ್ಚುಕಡಮೆ ಅರ್ಧ ಪಾಲು ತೂಗುತ್ತದೆ. ಬೆಳೆದ ಹಸುವಿನಲ್ಲಿ ಅದರ ಪಾಲು ಸುಮಾರು ಏಳರಲ್ಲಿ ಒಂದಕ್ಕೆ ಇಳಿಯುತ್ತದೆ. ದೊಡ್ಡ ಹೊಟ್ಟೆಯೂ ಜಾಲಜಠರವೂ ಕೂಡಿ ಮೂರರಲ್ಲಿ ಎರಡು ಪಾಲಿನ ಸಮೀಪಕ್ಕೆ ಏರುತ್ತವೆ. ಎಂದರೆ ಹುಟ್ಟಿದ ಕರುವು ಆಕಾರದಿಂದ ದನವಾಗಿದ್ದರೂ ಜೀರ್ಣಕ್ರಿಯೆಯಿಂದ ಇನ್ನೂ ದನವಾಗಿರುವುದಿಲ್ಲ.

ಹಾಲು ಈ ಎಳೆಯ ದೊಡ್ಡ ಹೊಟ್ಟೆಯನ್ನು ಮುಟ್ಟದೆಯೇ ಹೋಗುತ್ತದೆ. ಕರುವು ಕೆಚ್ಚಲಿಗೆ ಬಾಯಿಟ್ಟು ಚೀಪುವಾಗ ಅನ್ನನಾಳದ ತುದಿಯಲ್ಲಿರುವ ಒಂದು ತೋಡು ಎರಡು ತುಟಿಗಳನ್ನು ಮುಚ್ಚಿದಂತೆ ಮುಚ್ಚಿಕೊಂಡು ಕೊಳವೆಯಾಗುತ್ತದೆ. ಹಾಲು ಆ ಕೊಳವೆಯ ಮೂಲಕ ನೆಟ್ಟಗೆ ನಿಜಜಠರಕ್ಕೆ ಇಳಿದು, ಅಲ್ಲಿ ಕೈಮೋಸಿನ್ ಎಂಬ ದ್ರವ್ಯದಿಂದ ಗಟ್ಟಿಯಾಗಿ, ಮೆಲ್ಲಮೆಲ್ಲನೆ ಜೀರ್ಣವಾಗುತ್ತದೆ. ಇದು ಪ್ರಕೃತಿಯ ಬಹು ಸೂಕ್ಷ್ಮವಾದ ವ್ಯವಸ್ಥೆ. ಹಾಲು ದಾರಿತಪ್ಪಿ ದೊಡ್ಡ ಹೊಟ್ಟೆಗೆ ಬಿದ್ದರೆ ಅಲ್ಲಿ ಕೊಳೆತು ಹೊಟ್ಟೆಯುಬ್ಬರವನ್ನು ಉಂಟುಮಾಡುತ್ತದೆ. ಕೊಳವೆಯಿಟ್ಟು ಬಲವಂತವಾಗಿ ಹಾಲೆರೆಯುವುದು ಕರುವಿಗೆ ಹಿತವಲ್ಲವೆನ್ನುವುದಕ್ಕೆ ಇದೂ ಒಂದು ಕಾರಣ.

ಹಾಲೆಂಬುದು ದೊಡ್ಡ ಹೊಟ್ಟೆಯನ್ನು ಮುಟ್ಟುವುದೇ ಇಲ್ಲವಾದರೆ ಅದು ಬೆಳೆಯುವುದು ಹೇಗೆ? ಎರಡನೆಯ ವಾರದ ಹೊತ್ತಿಗೆ ಕರುವು ತಾಯಿಯ ಮುಂದಿನ ಹುಲ್ಲನ್ನು ಮೂಸುತ್ತದೆ, ಒಂದೆಳೆಯನ್ನು ಕಚ್ಚಿ ಆಡುತ್ತದೆ, ಹಿಂಡಿಯ ಪುಡಿಯನ್ನು ನೆಕ್ಕುತ್ತದೆ. ಆ ಆಟವೇ ಅದರ ಅಕ್ಷರಾಭ್ಯಾಸ. ಹುಲ್ಲಿನ ಜೊತೆಗೆ, ಕೊಟ್ಟಿಗೆಯ ನೆಲದಿಂದಲೂ ತಾಯಿಯ ನಾಲಗೆಯಿಂದಲೂ ಕಣ್ಣಿಗೆ ಕಾಣದ ಅಣುಜೀವಿಗಳು ದೊಡ್ಡ ಹೊಟ್ಟೆಯನ್ನು ಸೇರಿ ಅಲ್ಲಿ ಒಕ್ಕಲಾಗುತ್ತವೆ. ಇವುಗಳಲ್ಲಿ ಪ್ರೊಟೊಜೋವ ಎಂಬ ಜಾತಿಯವು ದನದಿಂದ ದನಕ್ಕೆ ಜೊಲ್ಲಿನ ಸಂಪರ್ಕದಿಂದಲೇ ದಾಟತಕ್ಕವು; ಬೇರೆ ದನಗಳಿಂದ ಪೂರ್ತಿಯಾಗಿ ಪ್ರತ್ಯೇಕಿಸಿ ಬೆಳೆಸಿದ ಕರುವಿನ ಹೊಟ್ಟೆಯಲ್ಲಿ ಅವು ನೆಲೆಗೊಳ್ಳುವುದಿಲ್ಲ. ತಾಯಿಯು ಕರುವನ್ನು ನೆಕ್ಕುವುದು ಪ್ರೀತಿಯ ಕುರುಹೆಂದು ತಿಳಿದವರು, ಅದು ಹೊಟ್ಟೆಗೆ ಮಾಡುವ ಬಿತ್ತನೆಯೂ ಹೌದೆಂದು ತಿಳಿಯಬೇಕಾಗಿದೆ.

ಈ ಅಣುಜೀವಿಗಳು ಹುಲ್ಲನ್ನೂ ಕಾಳನ್ನೂ ಹುಳಿಯಿಸಿ ಮೂರು ಮುಖ್ಯ ಆಮ್ಲಗಳನ್ನು ಉಂಟುಮಾಡುತ್ತವೆ. ಅಸಿಟಿಕ್ ಆಮ್ಲ, ಪ್ರೊಪಿಯೋನಿಕ್ ಆಮ್ಲ, ಬ್ಯುಟಿರಿಕ್ ಆಮ್ಲ ಎಂದು ಅವುಗಳ ಹೆಸರು. ಮೊದಲನೆಯದು ವಿನಿಗರಿನ ಹುಳಿ. ಮೂರನೆಯದು ಕೆಟ್ಟ ಬೆಣ್ಣೆಯ ವಾಸನೆಗೆ ಕಾರಣವಾದದ್ದು. ಬೆಳೆದ ಹಸುವಿಗೆ ದೇಹದ ಶಕ್ತಿಯ ಬಹುಪಾಲು ಈ ಆಮ್ಲಗಳಿಂದಲೇ ಬರುತ್ತದೆ; ಅದರ ಯಕೃತ್ತು ಪ್ರೊಪಿಯೋನಿಕ್ ಆಮ್ಲದಿಂದ ಸಕ್ಕರೆಯನ್ನು ಕಟ್ಟಿಕೊಳ್ಳುತ್ತದೆ. ಈ ಆಮ್ಲಗಳನ್ನು ಹೀರಿಕೊಳ್ಳುವುದಕ್ಕೆ ದೊಡ್ಡ ಹೊಟ್ಟೆಯ ಒಳಗೋಡೆಯಲ್ಲಿ ಲೆಕ್ಕವಿಲ್ಲದ ಸಣ್ಣ ಅಂಕುರಗಳು ಎದ್ದಿರಬೇಕು. ಎಳೆಗರುವಿನಲ್ಲಿ ಈ ಗೋಡೆಯು ಬಹುಮಟ್ಟಿಗೆ ನುಣುಪು. ಬೆಳೆದ ದನದಲ್ಲಿ ಒತ್ತಾಗಿ ಬೆಳೆದ ಗರಿಕೆಯಂತೆ ಅಂಕುರಮಯ. ನುಣುಪಾದ ಗೋಡೆಯು ಅಂಕುರಿತವಾಗುವುದೇ ಹಾಲು ಬಿಡಿಸುವ ಕಾಲದ ಮಹಾಕಾರ್ಯ.

ಈ ಅಂಕುರಗಳು ಏಳುವುದಕ್ಕೆ ಕಾರಣ ಯಾವುದು? ಹುಲ್ಲಿನ ಒರಟುತನದ ಉಜ್ಜಾಟವೇ, ಅಥವಾ ಹುಲ್ಲು ಹುಳಿತು ಬಂದ ಆಮ್ಲವೇ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವಾರ್ನರ್, ಲೂಸ್ಲಿ ಮೊದಲಾದವರು ೧೯೫೦ರ ದಶಕದಲ್ಲಿ ಇದನ್ನು ವಿಚಾರಿಸಿದ ಕ್ರಮವು ತರ್ಕಶಾಸ್ತ್ರವನ್ನು ಓದಿದವರಿಗೆ ಪರಿಚಿತವಾದದ್ದೇ ಆಗಿದೆ. ಅದು ಅನ್ವಯವ್ಯತಿರೇಕಗಳ ಮಾರ್ಗ. ಯಾವುದಿದ್ದರೆ ಕಾರ್ಯವುಂಟೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ ಅದೇ ಕಾರಣ. ಅವರು ಹಾಲು ಕುಡಿಯುವ ಕೆಲವು ಕರುಗಳ ದೊಡ್ಡ ಹೊಟ್ಟೆಗೆ ಸ್ಪಂಜಿನಂಥ, ಹುಳಿಯದ ಜಡವಸ್ತುವನ್ನು ತುಂಬಿದರು. ಹೊಟ್ಟೆ ಹಿಗ್ಗಿತು, ಸ್ನಾಯು ಬಲಿಯಿತು. ಆದರೆ ಅಂಕುರ ಏಳಲಿಲ್ಲ. ಬೇರೆ ಕೆಲವು ಕರುಗಳಿಗೆ ಹುಲ್ಲನ್ನು ಕೊಡದೆ, ಆಮ್ಲಗಳ ಲವಣಗಳನ್ನು ಮಾತ್ರ ದೊಡ್ಡ ಹೊಟ್ಟೆಗೆ ಎರೆದರು. ಅಂಕುರಗಳು ಎದ್ದುವು, ಬ್ಯುಟಿರಿಕ್ ಆಮ್ಲದ ಲವಣವು ಇದರಲ್ಲಿ ಎಲ್ಲಕ್ಕಿಂತ ಪ್ರಬಲವಾಗಿತ್ತು. ಹೀಗೆ, ಗಾತ್ರಕ್ಕೂ ಸ್ನಾಯುವಿಗೂ ಒರಟು ಮೇವು ಕಾರಣ, ಅಂಕುರಕ್ಕೆ ಹುಳಿಯುವಿಕೆಯಿಂದ ಬಂದ ಆಮ್ಲ ಕಾರಣ ಎಂದು ಎರಡು ಕಾರ್ಯಗಳಿಗೆ ಎರಡು ಕಾರಣಗಳು ಬೇರ್ಪಟ್ಟುವು.

ಆದರೂ ವಿಚಾರವು ಇಲ್ಲಿಗೆ ಮುಗಿಯಲಿಲ್ಲ. ಆಮ್ಲವು ಸೋಕಿದ ಮಾತ್ರಕ್ಕೆ ಗೋಡೆಯಲ್ಲಿ ಅಂಕುರ ಏಳುವುದಾದರೆ, ಆಮ್ಲದ ಕರೆಯನ್ನು ಕೇಳಿಸಿಕೊಳ್ಳುವುದು ಗೋಡೆಯಲ್ಲಿರುವ ಯಾವುದು? ಮಣ್ಣಿಲ್ಲದೆ ಕುಂಬಾರನಿಂದ ಮಡಕೆಯಾಗದು. ಆಹಾರವು ಸಹಕಾರಿ ಕಾರಣವಾದರೆ, ಒಳಗೆ ಇನ್ನೊಂದು ಮೂಲಕಾರಣವಿರಲೇಬೇಕು. ಅದನ್ನು ಈಗಿನ ವಿಜ್ಞಾನವು ವಂಶವಾಹಿಗಳಲ್ಲಿ ಕಂಡಿದೆ.

ವಂಶವಾಹಿಯ ಕೆಲಸವನ್ನು ಮಠದ ಓಲೆಗರಿಯ ಕಟ್ಟಿನ ದೃಷ್ಟಾಂತದಿಂದ ತಿಳಿಯಬಹುದು. ಒಂದೇ ಮಹಾಗ್ರಂಥದ ಕಟ್ಟು ಊರೂರಿನ ಮಠಗಳಲ್ಲಿಯೂ ಇದೆಯೆಂದು ಭಾವಿಸಬೇಕು. ಒಂದು ಮಠದಲ್ಲಿ ವೈದ್ಯದ ಗರಿಗಳನ್ನು ಮಾತ್ರ ತೆಗೆದು ಪ್ರತಿಮಾಡುತ್ತಾರೆ; ಇನ್ನೊಂದರಲ್ಲಿ ಗಣಿತದ ಗರಿಗಳನ್ನು ಮಾತ್ರ. ಗ್ರಂಥವು ಒಂದೇ, ಪ್ರತಿಗಳು ಬೇರೆ. ಆದ್ದರಿಂದ ನಡೆಯುವ ಕೆಲಸವೂ ಬೇರೆ. ಅಂತೆಯೇ ಕರುವಿನ ಕಣ್ಣಿನ ಕಣದಲ್ಲಿಯೂ, ಗೊರಸಿನ ಕಣದಲ್ಲಿಯೂ, ಜಠರದ ಕಣದಲ್ಲಿಯೂ ಇರುವ ವಂಶವಾಹಿಗಳ ಕಟ್ಟು ಒಂದೇ. ೨೦೦೯ರಲ್ಲಿ ಹಲವು ದೇಶಗಳ ವಿದ್ವಾಂಸರು ಹಸುವಿನ ಈ ಗ್ರಂಥವನ್ನು ಓದಿ ಪ್ರಕಟಿಸಿದಾಗ ಅದರಲ್ಲಿ ಕಡಮೆಯೆಂದರೂ ೨೨,೦೦೦ ವಂಶವಾಹಿಗಳಿರುವುದು ಗೊತ್ತಾಯಿತು. ಯಾವ ಕಣವು ಯಾವ ಗರಿಯನ್ನು ಯಾವಾಗ ಬಿಚ್ಚಿ ಪ್ರತಿಮಾಡಿಕೊಳ್ಳುತ್ತದೆ ಎಂಬುದೇ ವಂಶವಾಹಿಯ ಪ್ರವೃತ್ತಿ. ಆ ಪ್ರತಿಗೆ ಆರ್.ಎನ್.ಎ. ಎಂದು ಹೆಸರು. ಪ್ರತಿಗಳನ್ನು ಎಣಿಸಿದರೆ, ಯಾವ ಗರಿಗಳು ಬಿಚ್ಚಿವೆ, ಯಾವುವು ಕಟ್ಟಿಯೇ ಇವೆ ಎಂಬುದು ತಿಳಿಯುತ್ತದೆ.

ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಬೆಲ್ಟ್ಸ್‌ವಿಲ್ಲಿನಲ್ಲಿರುವ ಕೃಷಿ ಇಲಾಖೆಯ ಸಂಶೋಧನಾಲಯದಲ್ಲಿ ಕಾನರ್, ಬಾಲ್ಡ್‌ವಿನ್, ಲೀ ಮೊದಲಾದವರು ಹಾಲು ಬಿಡಿಸುವ ಕಾಲದ ಕರುಗಳಲ್ಲಿ ಈ ಎಣಿಕೆಯನ್ನೇ ಮಾಡಿ, ಫಲವನ್ನು ೨೦೧೩ರಲ್ಲಿ ಪ್ರಕಟಿಸಿದರು. ಹೋಲ್‌ಸ್ಟೀನ್ ತಳಿಯ ಗಂಡುಕರುಗಳಿಗೆ ೪೨ ದಿನಗಳ ಪರ್ಯಂತ ಹಾಲಿಗೆ ಬದಲಾಗಿ ಕೊಡುವ ಕೃತಕ ಹಾಲನ್ನು ಮಾತ್ರ ಕುಡಿಸಿದರು. ಆ ಬಳಿಕ ಕೆಲವಕ್ಕೆ ಹಾಲಿನೊಡನೆ ಒಣಹುಲ್ಲನ್ನೂ, ಕೆಲವಕ್ಕೆ ಹಾಲಿನೊಡನೆ ಕಾಳುಗಳಿಂದ ಮಾಡಿದ ಕರುಹಿಂಡಿಯನ್ನೂ ಕೊಟ್ಟರು. ೧೪, ೪೨, ೫೬ ಮತ್ತು ೭೦ನೆಯ ದಿನಗಳಲ್ಲಿ ಒಟ್ಟು ೧೮ ಕರುಗಳ ದೊಡ್ಡ ಹೊಟ್ಟೆಯ ಒಳಪೊರೆಯಿಂದ ಪ್ರತಿಗಳನ್ನು ತೆಗೆದು ನೋಡಿದರು. ಹಾಲಿನಿಂದ ಮೇವಿಗೆ ದಾಟುವಾಗ ಕೊಬ್ಬಿನ ಪಾಕಕ್ಕೆ ಸಂಬಂಧಿಸಿದ ವಂಶವಾಹಿಗಳು, ಕಣಗಳ ಆಕಾರಕ್ಕೂ ಬೆಳವಣಿಗೆಗೂ ಮರಣಕ್ಕೂ ಸಂಬಂಧಿಸಿದವು, ದ್ರವ್ಯಗಳನ್ನು ಪೊರೆಯಿಂದಾಚೆಗೆ ಸಾಗಿಸುವವು, ಕಣವಿಭಜನೆಯನ್ನು ನಡೆಸುವವು ಗುಂಪುಗುಂಪಾಗಿ ತಮ್ಮ ನಡೆಯನ್ನು ಬದಲಿಸಿಕೊಂಡದ್ದು ಕಂಡುಬಂದಿತು. ಹೊಸದಾಗಿ ಒಕ್ಕಲಾಗುವ ಅಣುಜೀವಿಗಳೊಡನೆ ಒಳಪೊರೆಯು ಹೊಂದಿಕೊಳ್ಳುವಾಗ ಉಂಟಾಗುವ ಉರಿಯ ಸುಳಿವೂ ವಂಶವಾಹಿಗಳಲ್ಲಿ ಕಂಡಿತು. ಈ ಎಲ್ಲ ಬದಲಾವಣೆಗಳ ಸೂತ್ರವನ್ನು ಹಿಡಿದಿರುವ ಒಂದು ಮುಖ್ಯ ನಿಯಾಮಕವಾಗಿ ಪಿ.ಪಿ.ಎ.ಆರ್.-ಆಲ್ಫಾ ಎಂಬುದನ್ನು ಅವರು ಗುರುತಿಸಿದರು. ಗ್ರಂಥಭಂಡಾರದ ಅಧಿಕಾರಿಯು ಯಾವ ಗರಿಯನ್ನು ಬಿಚ್ಚಬೇಕೆಂದು ಅಪ್ಪಣೆ ಕೊಡುವಂತೆ ಇದು ಇತರ ವಂಶವಾಹಿಗಳಿಗೆ ಅಪ್ಪಣೆ ಕೊಡತಕ್ಕದ್ದು. ಕೊಬ್ಬಿನಾಮ್ಲಗಳೇ ಇದನ್ನು ಎಚ್ಚರಿಸತಕ್ಕವು. ಅಂಕುರಗಳ ಬೆಳವಣಿಗೆಗೂ ಕೊಬ್ಬಿನಾಮ್ಲಗಳ ದಹನಕ್ಕೂ ಇದರ ಕೈವಾಡವಿದೆಯೆಂಬುದು ಆ ವಿದ್ವಾಂಸರ ತೀರ್ಮಾನ.

ಇಷ್ಟನ್ನು ಕೇಳಿದವರು, ಹಾಗಾದರೆ ಎಲ್ಲವೂ ಆಹಾರದಿಂದಲೇ, ಬೇಗ ಮೇವನ್ನು ಕೊಟ್ಟರೆ ಬೇಗ ಹಾಲು ಬಿಡಿಸಬಹುದು ಎಂದು ತೀರ್ಮಾನಿಸಬಾರದು. ೨೦೦೨ರಲ್ಲಿ ಲೇನ್, ಬಾಲ್ಡ್‌ವಿನ್ ಮತ್ತು ಜೆಸ್ಸಿ ಎಂಬವರು ಕುರಿಮರಿಗಳಲ್ಲಿ ಕಂಡ ಒಂದು ಸಂಗತಿಯು ಆ ಆತುರಕ್ಕೆ ಅಡ್ಡಿಯಾಗಿ ನಿಂತಿದೆ. ಬೆಳೆದ ಪ್ರಾಣಿಯ ದೊಡ್ಡ ಹೊಟ್ಟೆಯ ಪೊರೆಯು ಬ್ಯುಟಿರಿಕ್ ಆಮ್ಲವನ್ನು ಕೀಟೋನ್ ಎಂಬ ದ್ರವ್ಯವನ್ನಾಗಿ ಮಾರ್ಪಡಿಸಿ ರಕ್ತಕ್ಕೆ ಕೊಡುತ್ತದೆ. ಈ ಕೆಲಸಕ್ಕೆ ಬೇಕಾದ ವಂಶವಾಹಿಗಳ ಪ್ರವೃತ್ತಿಯು ಮೇವು ತಿಂದ ಮರಿಗಳಲ್ಲಿ ಮಾತ್ರವಲ್ಲದೆ, ಹಾಲನ್ನೇ ಕುಡಿಯುತ್ತಿದ್ದ ಮರಿಗಳಲ್ಲಿಯೂ ವಯಸ್ಸಿನೊಡನೆ ಏರಿತು. ಎಂದರೆ ಕೆಲವು ಗರಿಗಳು ಆಹಾರದ ಕರೆಯಿಂದ ಬಿಚ್ಚಿಕೊಳ್ಳುತ್ತವೆ. ಕೆಲವು ತಮ್ಮ ಕಾಲ ಬಂದಾಗ ತಾವೇ ಬಿಚ್ಚಿಕೊಳ್ಳುತ್ತವೆ. ಈ ಎರಡನೆಯವನ್ನು ಹಿಂಡಿಯಿಂದಾಗಲಿ ಹೊಡೆತದಿಂದಾಗಲಿ ಅವಸರಪಡಿಸಲಾಗದು. ಬೀಜದೊಳಗಿನ ಶಕ್ತಿಯೂ ನೆಲದ ಹದವೂ ಕೂಡಿದಾಗಲೇ ಮೊಳಕೆ ಬರುವುದೆಂಬ ಲೋಕಾನುಭವಕ್ಕೆ ಕರುವಿನ ಜಠರವು ಹೊರತಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಬೆಲ್ಟ್ಸ್‌ವಿಲ್ಲಿನ ಆ ಹದಿನೆಂಟು ಕರುಗಳು ಈ ತಿಳಿವಿಗಾಗಿ ಪ್ರಾಣವನ್ನು ತೆತ್ತವು. ಅಹಿಂಸೆಯನ್ನು ವ್ರತವಾಗಿ ಹಿಡಿದವರ ಸಭೆಯಲ್ಲಿ ಈ ಸಂಗತಿಯು ಮನಸ್ಸನ್ನು ಕಲಕದೆ ಇರದು. ಆದರೆ ತಿಳಿವಿಲ್ಲದ ಕೊಟ್ಟಿಗೆಗಳಲ್ಲಿ ಹೊಟ್ಟೆ ಬೆಳೆಯುವ ಮುನ್ನವೇ ಹಾಲು ತಪ್ಪಿ, ಬೇಧಿಯಿಂದಲೂ ನಿಶ್ಶಕ್ತಿಯಿಂದಲೂ ಸಾಯುವ ಕರುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಪ್ರಾಣವನ್ನು ತೆತ್ತು ಬಂದ ವಿದ್ಯೆಯನ್ನು ಪ್ರಾಣವನ್ನುಳಿಸುವುದಕ್ಕೆ ಬಳಸದಿದ್ದರೆ ಅದು ಎರಡನೆಯ ಹಿಂಸೆಯಾಗುತ್ತದೆ.

ಈ ವಿದ್ಯೆಯ ಬೆಳಕಿನಲ್ಲಿ ಗೃಹಸ್ಥರು ಮಾಡುವ ಎರಡು ತಪ್ಪುಗಳು ಸ್ಪಷ್ಟವಾಗುತ್ತವೆ. ಲೋಭದ ತಪ್ಪು ಒಂದು. ಕರುವಿಗೆ ಮೂರು ವಾರ ತುಂಬುವುದರೊಳಗೆ ಹಾಲನ್ನು ಕಿತ್ತುಕೊಂಡು, ತಾಯಿಗೆ ಹಾಕುವ ಒಣಹುಲ್ಲಿನ ಮುಂದೆ ಅದನ್ನು ಕಟ್ಟುವುದು. ಅಂಕುರವಿಲ್ಲದ ಹೊಟ್ಟೆಗೆ ಹುಲ್ಲು ಬಿದ್ದರೆ ಹೊಟ್ಟೆ ಜೋಲುತ್ತದೆ, ಬೆನ್ನು ಒಣಗುತ್ತದೆ. ಮೋಹದ ತಪ್ಪು ಇನ್ನೊಂದು. ಕರುವಿನ ಮೇಲಿನ ಅಕ್ಕರೆಯಿಂದ ತಿಂಗಳುಗಟ್ಟಲೆ ಹಾಲನ್ನೇ ಕುಡಿಸುತ್ತ, ಹಿಂಡಿಯನ್ನೂ ನೀರನ್ನೂ ಮುಂದಿಡದೆ ಇರುವುದು. ಅಂಥ ಕರುವು ದುಂಡಗೆ ಕಾಣುತ್ತದೆ. ಆದರೆ ಅದರ ದೊಡ್ಡ ಹೊಟ್ಟೆಯು ನುಣುಪಾಗಿಯೇ ಉಳಿದು, ಹಾಲು ನಿಂತ ದಿನದಿಂದ ಸೊರಗುತ್ತದೆ. ಎರಡರಲ್ಲಿಯೂ ಕೆಡುವುದು ಕರುವಿನ ಮುಂದಿನ ಬಾಳು.

ಸರಿಯಾದ ದಾರಿಯು ಕಷ್ಟವಾದದ್ದಲ್ಲ. ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲು ಕರುವಿನ ಹೊಟ್ಟೆಯನ್ನು ಸೇರಬೇಕು. ಅದರಲ್ಲಿರುವ ರೋಗನಿರೋಧಕ ದ್ರವ್ಯಗಳನ್ನು ಕರುಳು ಹೀರಿಕೊಳ್ಳುವ ಶಕ್ತಿಯು ಗಂಟೆಗಂಟೆಗೂ ತಗ್ಗುತ್ತ ಒಂದು ದಿನದಲ್ಲಿ ಮುಗಿದುಹೋಗುತ್ತದೆ. ಮೈಲಿಗೆಯೆಂದೋ, ಮಾಸು ಬೀಳಲಿ ಎಂದೋ ಕಾಯುವುದು ಕರುವಿನ ಆಯುಸ್ಸಿಗೆ ಮುಳುವು. ಬಳಿಕ ದೇಹದ ತೂಕದ ಹತ್ತರಲ್ಲೊಂದು ಪಾಲಿಗೆ ಕಡಮೆಯಿಲ್ಲದಂತೆ ದಿನವೂ ಹಾಲು ಸಲ್ಲಬೇಕು. ೨೫ ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು. ಎರಡನೆಯ ವಾರದಿಂದ ಮುಸುಕಿನ ಜೋಳ, ಕಡಲೇಕಾಯಿ ಹಿಂಡಿ, ಬೂಸಾ, ಖನಿಜ ಮಿಶ್ರಣಗಳಿಂದ ಮಾಡಿದ ಕರುಹಿಂಡಿಯನ್ನು ಹಿಡಿಯಷ್ಟು ಮುಂದಿಡಬೇಕು. ಉಳಿದದ್ದನ್ನು ತೆಗೆದು ದಿನವೂ ಹೊಸದನ್ನು ಇಡಬೇಕು. ದೊಡ್ಡ ದನಗಳ ಹಿಂಡಿಯಲ್ಲಿ ಯೂರಿಯಾ ಇರಬಹುದಾದ್ದರಿಂದ ಅದನ್ನು ಎಳೆಗರುವಿಗೆ ಕೊಡಬಾರದು. ನುಣುಪಾದ ಒಳ್ಳೆಯ ಹುಲ್ಲು ಸ್ವಲ್ಪವಿರಲಿ. ಹಿಂಡಿಯೊಂದೇ ಅತಿಯಾದರೆ ಆಮ್ಲ ಮಿತಿಮೀರಿ, ಎದ್ದ ಅಂಕುರಗಳೇ ಒಂದಕ್ಕೊಂದು ಅಂಟಿಕೊಂಡು ಕೆಡುತ್ತವೆ.

ನೀರಿನ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಹಾಲು ಕುಡಿಯುವ ಕರುವಿಗೆ ನೀರೇಕೆ ಎಂಬುದು ಎಲ್ಲರ ಮಾತು. ಹಾಲು ಕೊಳವೆಯ ದಾರಿಯಿಂದ ನಿಜಜಠರಕ್ಕೆ ಹೋಗುತ್ತದೆಯೇ ಹೊರತು ದೊಡ್ಡ ಹೊಟ್ಟೆಯನ್ನು ನೆನೆಸುವುದಿಲ್ಲ. ಬಾಯಾರಿಕೆಗೆ ಕುಡಿದ ನೀರು ಬಹುಪಾಲು ದೊಡ್ಡ ಹೊಟ್ಟೆಗೇ ಇಳಿಯುತ್ತದೆ. ಅಲ್ಲಿ ಒಕ್ಕಲಾದ ಅಣುಜೀವಿಗಳಿಗೆ ಆ ನೀರೇ ಕೆರೆ. ಕೆರೆಯಿಲ್ಲದ ಊರಿನಲ್ಲಿ ಒಕ್ಕಲು ನಿಲ್ಲುವುದಿಲ್ಲವೆಂಬುದನ್ನು ಯಡಿಯೂರು ಸಾರಕ್ಕಿಗಳ ಹಿರಿಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ಹಾಲನ್ನು ನಿಲ್ಲಿಸುವ ದಿನ. ಪಂಚಾಂಗವನ್ನಾಗಲಿ ಹಾಲಿನ ದರವನ್ನಾಗಲಿ ನೋಡಿ ಅದನ್ನು ಗೊತ್ತುಮಾಡಬಾರದು; ಕರುವಿನ ಬೋಗುಣಿಯನ್ನು ನೋಡಿ ಗೊತ್ತುಮಾಡಬೇಕು. ದೊಡ್ಡ ಜಾತಿಯ ಕರುವು ದಿನಕ್ಕೆ ಸುಮಾರು ಒಂದು ಕಿಲೋ ಹಿಂಡಿಯನ್ನು ಮೂರು ದಿನ ಬಿಡದೆ ತಿಂದರೆ ಅದರ ಹೊಟ್ಟೆ ಸಿದ್ಧವಾಗಿದೆಯೆಂದು ತಿಳಿಯಬಹುದು. ಚಿಕ್ಕ ಮೈಕಟ್ಟಿನ ಕರುವಿಗೆ ಅದರ ಅಳತೆಗೆ ತಕ್ಕಷ್ಟು. ಆಗಲೂ ಹಾಲನ್ನು ಒಂದೇ ದಿನ ನಿಲ್ಲಿಸದೆ ಒಂದೆರಡು ವಾರಗಳಲ್ಲಿ ಕ್ರಮವಾಗಿ ತಗ್ಗಿಸಬೇಕು. ಹಾಲು ನಿಂತ ದಿನವೇ ಕೊಟ್ಟಿಗೆಯನ್ನೂ ಹಗ್ಗವನ್ನೂ ಜೊತೆಗಾರರನ್ನೂ ಬದಲಿಸಬಾರದು. ಒಂದು ಅಗಲಿಕೆಯನ್ನು ತಾಳುವ ಪ್ರಾಣಿಗೆ ಇನ್ನೊಂದನ್ನು ಹೊರಿಸುವುದು ಸಲ್ಲದು.

ತಳಿಗಳ ಭೇದವನ್ನೂ ಗಮನಿಸಬೇಕು. ಹಳ್ಳಿಕಾರ್, ಅಮೃತಮಹಲ್ ಮುಂತಾದ ನಾಡತಳಿಯ ಹಸುಗಳು ಕರುವು ಮೊದಲು ಬಾಯಿಡದೆ ಸಾಮಾನ್ಯವಾಗಿ ಸೊರೆ ಬಿಡುವುದಿಲ್ಲ. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುವ ರೂಢಿಯೂ ಇತ್ತು. ಹಾಲಿಗಾಗಿ ತಾಯಿಯನ್ನು ವಂಚಿಸುವ ಆ ಹುಲ್ಲಿನ ಕರುವಿಗಿಂತ, ತಾನೇ ಹುಲ್ಲನ್ನು ಮೆಲ್ಲುವ ಜೀವಂತ ಕರುವು ಮನೆಗೆ ಎಷ್ಟೋ ಲಾಭವೆಂಬುದನ್ನು ವಿವರಿಸಬೇಕಾಗಿಲ್ಲ. ಹೋಲ್‌ಸ್ಟೀನ್ ಮಿಶ್ರತಳಿಯ ಹಸುಗಳು ಕರುವಿಲ್ಲದೆಯೂ ಹಾಲು ಕೊಡುತ್ತವೆ. ಆದ್ದರಿಂದಲೇ ಆ ಕೊಟ್ಟಿಗೆಗಳಲ್ಲಿ ಕರುವಿನ ಹಕ್ಕಿಗೆ ತಾಯಿಯ ಕಾವಲಿಲ್ಲ. ಅಲ್ಲಿ ಗೃಹಸ್ಥನ ವಿವೇಕವೇ ಕಾವಲಾಗಬೇಕು.

ನಗರದ ಬೀದಿಗಳ ದನಗಳನ್ನು ಇಲ್ಲಿ ನೆನೆಯದೆ ಇರಲಾಗದು. ಬನಶಂಕರಿಯ ಸಂತೆಯ ಬಳಿಯಲ್ಲಾಗಲಿ, ಜಯನಗರದ ಕಸದ ರಾಶಿಗಳ ಬಳಿಯಲ್ಲಾಗಲಿ ತಾಯಿಯೊಡನೆ ಅಲೆಯುವ ಕರುವು ಮೂಸಿ ಕಲಿಯುವ ಮೊದಲ ಮೇವು ಎಷ್ಟೋ ವೇಳೆ ತರಕಾರಿಯ ಸಿಪ್ಪೆಯೊಡನೆ ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲ. ಕಾರ್ನೆಲ್ಲಿನ ಸ್ಪಂಜಿನ ಪರೀಕ್ಷೆಯು ಈ ಬೀದಿಗಳಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಪ್ರತಿದಿನ ನಡೆಯುತ್ತಿದೆ. ಹುಳಿಯದ, ಕರಗದ, ಹೊರಬೀಳದ ಆ ಜಡವಸ್ತು ಹೊಟ್ಟೆಯನ್ನು ತುಂಬುತ್ತದೆ, ಪೋಷಿಸುವುದಿಲ್ಲ. ಸಿಪ್ಪೆಯನ್ನು ಬೇರೆಯಾಗಿ, ಚೀಲವಿಲ್ಲದೆ ಇಡುವುದು ದಕ್ಷಿಣ ಬೆಂಗಳೂರಿನ ಪ್ರತಿಯೊಂದು ಮನೆಯಿಂದಲೂ ಆಗಬಹುದಾದ ಗೋಸೇವೆ. ಅದಕ್ಕೆ ಹಸುವನ್ನು ಸಾಕಬೇಕಾಗಿಯೂ ಇಲ್ಲ.

ಆಡುಗೋಡಿಯ ಪಶುಪೋಷಣಾ ಸಂಸ್ಥೆಯ ವಿದ್ವಾಂಸರು, ದನಗಳ ಹೊಟ್ಟೆಯಲ್ಲಿ ಹುಟ್ಟಿ ವಾಯುಮಂಡಲವನ್ನು ಕಾಯಿಸುವ ಮೀಥೇನ್ ಅನಿಲವನ್ನು ತಗ್ಗಿಸುವುದಕ್ಕಾಗಿ ಒಗರುಳ್ಳ ಸಸ್ಯದ್ರವ್ಯಗಳಿಂದ ಹರಿತ ಧಾರಾ ಎಂಬ ಪೂರಕ ಆಹಾರವನ್ನು ಸಿದ್ಧಪಡಿಸಿದ್ದಾರೆ. ಅದನ್ನು ಮೂರು ತಿಂಗಳು ದಾಟಿದ, ದೊಡ್ಡ ಹೊಟ್ಟೆಯು ಪೂರ್ಣವಾಗಿ ಕೆಲಸಕ್ಕೆ ತೊಡಗಿದ ದನಗಳಿಗೆ ಮಾತ್ರ ಕೊಡಬೇಕೆಂಬುದು ನಿಯಮ. ಎಳೆಗರುವಿನ ಹೊಟ್ಟೆಗೆ ಅದರದೇ ಕಾಲವಿದೆಯೆಂಬುದನ್ನು ಹೊಸ ಔಷಧಗಳನ್ನು ಮಾಡುವವರೂ ಒಪ್ಪಿ ನಡೆಯುತ್ತಿದ್ದಾರೆ.

ಇಷ್ಟು ವಿಚಾರದಿಂದ ತೇಲುವ ಅರ್ಥವು ಚಿಕ್ಕದು. ಕರುವಿನ ವಂಶವಾಹಿಗಳು ಮುಂದಿನ ಹಸುವನ್ನೂ ಎತ್ತನ್ನೂ ಬರೆದಿಟ್ಟುಕೊಂಡೇ ಹುಟ್ಟಿಗೆ ಬರುತ್ತವೆ. ಆ ಬರಹವನ್ನು ಬಿಚ್ಚಿ ಓದಿಸುವ ಕೆಲಸದಲ್ಲಿ ಅರ್ಧವು ಕಾಲದ್ದು, ಅರ್ಧವು ಸಾಕುವವರ ಕೈಯದು. ಕಾಲದ ಪಾಲನ್ನು ಕಾಲಕ್ಕೆ ಬಿಟ್ಟು, ಕೈಯ ಪಾಲನ್ನು ಕೈಯಾರೆ ನಡೆಸತಕ್ಕದ್ದು. ಗೋವನ್ನು ಪೂಜಿಸುವ ಮನೆಯಲ್ಲಿ ಮೊದಲ ನೈವೇದ್ಯವು ಕರುವಿನ ಬಾಯಿಗೆ ಸಲ್ಲಲಿ; ಅದು ಮೆಲುಕು ಹಾಕಲು ಕಲಿತ ಮೇಲೆ ಉಳಿದ ಹಾಲು ಮನೆಗೂ ಸಂಘಕ್ಕೂ ಧಾರಾಳವಾಗಿ ಹರಿಯಲಿ. ಹೀಗೆ ನಡೆಯುವ ಕೊಟ್ಟಿಗೆಗಳಲ್ಲಿ ವಾತ್ಸಲ್ಯವೆಂಬ ಶಬ್ದವು ತನ್ನ ಅರ್ಥವನ್ನು ಕಳೆದುಕೊಳ್ಳುವುದಿಲ್ಲ. ಸರ್ವರಿಗೂ ಸಕಲ ಜೀವರಿಗೂ ಮಂಗಳವಾಗಲಿ.